ನೆಗಡಿ ಗುಳಿಗೆಯ ನಿದ್ದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಔಷಧಿ ಅಂಗಡಿಗಳ ಮುಂದೆ ಸಂಜೆ ಹೊತ್ತು ತುಸು ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ನಿದ್ದಿ ಬರವಲ್ದು, ಎರಡು ನೆಗಡಿ ಗುಳಿಗಿ ಕೊಡ್ರಿ.’ ಕೇಳುವವರಿಗೆ ನೆಗಡಿ ಇರುವುದಿಲ್ಲ. ಕೊಡುವವರೂ ಮೂಗು ಸೋರುತ್ತಿದೆಯೇ ಎಂದು ವಿಚಾರಿಸುವುದಿಲ್ಲ. ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ, ಕಾಗದದ ಚೂರಿನಲ್ಲಿ ಸುತ್ತಿ ಕೊಡುತ್ತಾರೆ. ಅದು ಅವಿಲ್ ಆಗಿರಬಹುದು, ಸಿಪಿಎಂ ಆಗಿರಬಹುದು, ಈಚೆಗೆ ಸಿಟ್ರಿಜಿನ್ ಆಗಿರಬಹುದು. ಸೀನು, ನವೆ, ಪಿತ್ತಗಂದೆಗಳಿಗೆಂದು ತಯಾರಾದ ಈ ಅಲರ್ಜಿ ಔಷಧಗಳು ನಮ್ಮ ಸೀಮೆಯಲ್ಲಿ ಬಡವರ ನಿದ್ದೆ ಗುಳಿಗೆಗಳಾಗಿ ಬಹಳ ಕಾಲವಾಯಿತು.

ಇದು ಇತಿಹಾಸ ಬರೆಯುವಂಥ ವಿಷಯವೇ ಎಂದು ಓದುಗರು ಕೇಳಬಹುದು. ಈ ಸೀಮೆಯ ಇತಿಹಾಸವೆಂದರೆ ಹರಪನಹಳ್ಳಿಯ ಪಾಳೆಯಗಾರರು, ಉಚ್ಚಂಗಿಯ ಕೋಟೆ, ಬಾಗಳಿಯ ಕಲ್ಲೇಶ್ವರ ಗುಡಿ, ಮೈಲಾರದ ಕಾರಣಿಕ, ಕೂಡ್ಲಿಗಿಯಲ್ಲಿರುವ ಗಾಂಧೀಜಿ ಚಿತಾಭಸ್ಮದ ಸ್ಮಾರಕ ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಿದು. ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಮರಳಿ ಬಳ್ಳಾರಿಗೆ ತಂದರು. 2021ರಲ್ಲಿ ಐದೂ ತಾಲೂಕುಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಜಿಲ್ಲಾ ಕೇಂದ್ರಗಳು ಹೀಗೆ ಬದಲಾಗುತ್ತಿದ್ದಾಗ ಇಲ್ಲಿನ ಜನ ಹೇಗೆ ಮಲಗುತ್ತಿದ್ದರು, ನಿದ್ದೆ ಬಾರದಾಗ ಏನು ಮಾಡುತ್ತಿದ್ದರು ಎಂದು ಯಾರೂ ಬರೆದಿಡಲಿಲ್ಲ. ಶಾಸನದಲ್ಲಿ ಅದಕ್ಕೆ ಜಾಗವಿಲ್ಲ. ಗೆಜೆಟಿಯರ್ ಬರೆದ ದೊರೆಗಳಿಗೆ ಅದು ಬೇಕಿರಲಿಲ್ಲ.

ಗುಳಿಗೆ ಬರುವ ಮುಂಚೆ ಮನೆಮದ್ದು ಇತ್ತು. ನೆತ್ತಿಗೆ ಹರಳೆಣ್ಣೆ ತಟ್ಟುವುದು, ಹಟ ಹಿಡಿದ ಕೂಸಿಗೆ ಜಾಜಿಕಾಯಿ ತೇದು ನೆಕ್ಕಿಸುವುದು, ಹಬ್ಬದ ಗಸಗಸೆ ಪಾಯಸ ಉಂಡು ಮಧ್ಯಾಹ್ನವೆಲ್ಲ ಜೋಂಪಿನಲ್ಲಿ ಕಳೆಯುವುದು ಎಲ್ಲರಿಗೂ ಗೊತ್ತಿರುವಂಥವೇ. ಯುನಾನಿ ಹಕೀಮರ ಬಳಿ ‘ಶರ್ಬತ್ ಖಶ್‌ಖಾಶ್’ ಎಂಬ ಔಷಧವಿತ್ತು, ಇಂದಿಗೂ ಇದೆ. ಖಶ್‌ಖಾಶ್ ಎಂದರೆ ಗಸಗಸೆ. ಈ ಶರಬತ್ತನ್ನು ನಜ್ಲಾ, ಎಂದರೆ ನೆಗಡಿಗೂ, ಕೆಮ್ಮಿಗೂ, ಹಾಗೆಯೇ ನಿದ್ರಾಹೀನತೆಗೂ ಕೊಡುವ ರೂಢಿ. ಒಂದೇ ಸೀಸೆಯಲ್ಲಿ ನೆಗಡಿಗೂ ಮದ್ದು, ನಿದ್ದೆಗೂ ಮದ್ದು. ಆದ್ದರಿಂದ ನೆಗಡಿಯ ಮದ್ದಿನಿಂದ ನಿದ್ದೆ ಮಾಡುವುದು ಕಂಪನಿ ಗುಳಿಗೆಗಳಿಂದಲೇ ಹುಟ್ಟಿದ ಚಾಳಿಯೇನಲ್ಲ. ಗಸಗಸೆಯ ಕಾಯಿಯಿಂದ ಒಸರುವ ಹಾಲೇ ಅಫೀಮು. ಕೂಲಿಗೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮಿನ ಸಾಸಿವೆಕಾಳಿನಷ್ಟು ಗುಳಿಗೆ ಕೊಟ್ಟು ಮಲಗಿಸುವ ಪದ್ಧತಿ ದೇಶದ ಹಲವೆಡೆ ಇತ್ತು. 1893ರಿಂದ 1895ರವರೆಗೆ ಅಫೀಮಿನ ಬಗ್ಗೆ ವಿಚಾರಣೆ ನಡೆಸಿದ ಬ್ರಿಟಿಷರ ರಾಯಲ್ ಕಮಿಷನ್ನಿನ ಮುಂದೆಯೂ ಇದರ ಚರ್ಚೆ ಬಂದಿತ್ತು.

ಹಕೀಮರ ಶಾಸ್ತ್ರದಲ್ಲಿ ಇನ್ನೊಂದು ಮಾತಿದೆ. ಮನುಷ್ಯನ ಆರೋಗ್ಯಕ್ಕೆ ಆರು ಸಂಗತಿಗಳು ಅತ್ಯಗತ್ಯವೆಂದು ಅದು ಎಣಿಸುತ್ತದೆ. ಗಾಳಿ ಮತ್ತು ಅನ್ನಪಾನಗಳ ಸಾಲಿನಲ್ಲಿಯೇ ‘ನೌಮ್ ವ ಯಕ್ಝಾ’, ಅಂದರೆ ನಿದ್ದೆ ಮತ್ತು ಎಚ್ಚರವನ್ನು ಇಟ್ಟಿದೆ. ನಿದ್ದೆಗೆಟ್ಟವನ ನಾಡಿ ನೋಡುವ ಹಕೀಮ ಅವನ ಊಟ, ದುಡಿಮೆ, ಚಿಂತೆಗಳನ್ನೆಲ್ಲ ವಿಚಾರಿಸಬೇಕಿತ್ತು. ಅಂಗಡಿಯ ಗುಳಿಗೆಗೆ ಆ ವಿಚಾರಣೆ ಬೇಕಾಗಲಿಲ್ಲ. ನಮ್ಮ ದೃಷ್ಟಿಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಅಫೀಮಿನ ಕಾಲವನ್ನು ನಾವು ಹೊಗಳುತ್ತಿಲ್ಲ. ಆ ಗುಳಿಗೆಯಿಂದ ಕಣ್ಣು ತೆರೆಯದೆ ಹೋದ ಕೂಸುಗಳೂ ಇದ್ದವು.

ಇನ್ನು ನೆಗಡಿ ಗುಳಿಗೆಯ ಹುಟ್ಟಿನ ಕಡೆಗೆ ಹೋಗೋಣ. 1910ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ಡೇಲ್ ಮತ್ತು ಜೊತೆಗಾರರು ಹಿಸ್ಟಮೀನ್ ಎಂಬ ವಸ್ತು ದೇಹದಲ್ಲಿ ಏನು ಮಾಡುತ್ತದೆಂದು ಪರೀಕ್ಷಿಸಿದರು. ದೂಳು, ಪರಾಗ, ವಿಷ ಮುಂತಾದ ಹೊರಗಿನ ವಸ್ತು ಮೈಗೆ ತಾಗಿದಾಗ ದೇಹದ ಕೆಲವು ಕಣಗಳು ಇದನ್ನು ಸುರಿಸುತ್ತವೆ. ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಗಂದೆ ಏಳುವುದು ಇದರಿಂದಲೇ. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರೀ ಸ್ಟೌಬ್ ಹಿಸ್ಟಮೀನನ್ನು ತಡೆಯುವ ಮೊದಲ ವಸ್ತುವನ್ನು ಕಂಡುಹಿಡಿದರು. ಅದು ವಿಷಕಾರಿಯಾದ್ದರಿಂದ ಮನುಷ್ಯರಿಗೆ ಬರಲಿಲ್ಲ. 1942ರಲ್ಲಿ ಅದರ ವಂಶದ ಆಂಟರ್ಗಾನ್ ಎಂಬ ಔಷಧ ಫ್ರಾನ್ಸಿನಲ್ಲಿ ಬಳಕೆಗೆ ಬಂತು. ಬೋವೆಗೆ 1957ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ರೀವ್‌ಶಲ್ ಎಂಬ ರಸಾಯನಶಾಸ್ತ್ರಜ್ಞ 1943ರಲ್ಲಿ ಸ್ನಾಯು ಸಡಿಲಿಸುವ ಔಷಧವನ್ನು ಹುಡುಕುತ್ತಿದ್ದಾಗ ಡೈಫೆನ್‌ಹೈಡ್ರಮಿನ್ ಕೈಗೆ ಸಿಕ್ಕಿತು. 1946ರಲ್ಲಿ ಅದು ಬೆನಡ್ರಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಈ ಗುಳಿಗೆಗಳೆಲ್ಲಕ್ಕೂ ಒಂದೇ ದೂರು: ನುಂಗಿದರೆ ಕಣ್ಣು ಎಳೆಯುತ್ತದೆ. ಕಂಪನಿಗಳು ಇದನ್ನು ದೋಷವೆಂದೇ ಕಂಡವು. ಡ್ರಾಮಮಿನ್ ಎಂಬ ಗುಳಿಗೆಯ ಕತೆ ಇಲ್ಲಿ ಹೇಳಬೇಕು. ಮಂಪರನ್ನು ಕಡಿಮೆ ಮಾಡುವ ಸಲುವಾಗಿ ಬೆನಡ್ರಿಲ್ಲಿನ ಜೊತೆ ಕಾಫಿಯ ಜಾತಿಯ ಒಂದು ಉತ್ತೇಜಕವನ್ನು ಬೆರೆಸಿ ಅದನ್ನು ತಯಾರಿಸಿದ್ದರು. 1947ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅದನ್ನು ಪಿತ್ತಗಂದೆಯ ಒಬ್ಬ ಗರ್ಭಿಣಿಗೆ ಕೊಟ್ಟರು. ಟ್ರಾಮಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತಿದ್ದ ಆ ಹೆಂಗಸಿಗೆ ಗುಳಿಗೆ ನುಂಗಿದ ದಿನ ಟ್ರಾಮಿನಲ್ಲಿ ಏನೂ ಆಗಲಿಲ್ಲ. ಆಕೆ ವೈದ್ಯರಿಗೆ ಹೇಳಿದಳು. ಅವರು ಮರುವರ್ಷ ಸೈನಿಕರ ಹಡಗೊಂದರಲ್ಲಿ ಪರೀಕ್ಷೆ ಮಾಡಿದರು. ನವೆಯ ಗುಳಿಗೆ ಪ್ರಯಾಣದ ಗುಳಿಗೆಯಾಯಿತು. ನಮ್ಮ ಕಡೆ ಬಸ್ಸು ಹತ್ತುವ ಮುಂಚೆ ಹೆಂಗಸರು ಮಕ್ಕಳಿಗೆ ನುಂಗಿಸುವ ಅವೋಮಿನ್ ಕೂಡ ಇದೇ ಕುಲದ್ದು. ಅದರಲ್ಲಿರುವ ಪ್ರೊಮೆಥಜಿನ್ ಮೂಲದಲ್ಲಿ ಅಲರ್ಜಿಯ ಔಷಧ.

ಪ್ರೊಮೆಥಜಿನ್ನಿನಿಂದ ಇನ್ನೂ ದೊಡ್ಡದೊಂದು ಸಂಗತಿ ನಡೆಯಿತು. ಹೆನ್ರಿ ಲಾಬೊರಿ ಎಂಬ ಫ್ರೆಂಚ್ ನೌಕಾದಳದ ಶಸ್ತ್ರವೈದ್ಯ ಅದನ್ನು ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಕೊಟ್ಟಾಗ ಅವರು ಹೆದರಿಕೆ ತಗ್ಗಿ ಪ್ರಶಾಂತವಾಗಿರುವುದನ್ನು ಗಮನಿಸಿದ. ಆ ಗುಣವನ್ನೇ ಹೆಚ್ಚಿಸಿದ ಔಷಧ ಬೇಕೆಂದು ಕಂಪನಿಯವರು ಹೊರಟರು. 1950ರ ಕೊನೆಗೆ ಕ್ಲೋರ್‌ಪ್ರೊಮಜಿನ್ ತಯಾರಾಯಿತು. 1952ರಲ್ಲಿ ಪ್ಯಾರಿಸ್ಸಿನ ಮಾನಸಿಕ ಆಸ್ಪತ್ರೆಯಲ್ಲಿ ಬಳಕೆಗೆ ಬಂದ ಅದು ಜಗತ್ತಿನ ಹುಚ್ಚಾಸ್ಪತ್ರೆಗಳ ಸರಪಳಿ ಬಿಚ್ಚಿಸಿದ ಔಷಧವೆಂದು ಹೆಸರಾಯಿತು. ಮನೋರೋಗದ ಆಧುನಿಕ ಚಿಕಿತ್ಸೆ ಹೀಗೆ ಸೀನು ನಿಲ್ಲಿಸುವ ಗುಳಿಗೆಯ ಮಗ್ಗುಲಿನಿಂದ ಎದ್ದು ಬಂತು. ಈ ನಂಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಮ್ಮ ಜಿಲ್ಲೆಯ ವಿಷಯ ಬರುವಾಗ ಇದು ಬೇಕಾಗುತ್ತದೆ.

ಅಮೆರಿಕದಲ್ಲಿ ಈ ದೋಷವನ್ನೇ ಗುಣವಾಗಿ ಮಾರುವ ವ್ಯಾಪಾರ ಬೇಗ ಬೆಳೆಯಿತು. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಹುದಾದ ನಿದ್ದೆ ಗುಳಿಗೆಗಳಲ್ಲಿ ಮೆಥಪೈರಿಲಿನ್ ಎಂಬ ಅಲರ್ಜಿ ಔಷಧ ಇರುತ್ತಿತ್ತು. ಅದರಿಂದ ಇಲಿಗಳಿಗೆ ಕ್ಯಾನ್ಸರ್ ಬರುವುದು ಗೊತ್ತಾಗಿ 1979ರಲ್ಲಿ ಹಿಂದಕ್ಕೆ ಪಡೆದರು. ಅದರ ಜಾಗಕ್ಕೆ ಡೈಫೆನ್‌ಹೈಡ್ರಮಿನ್ ಬಂತು; 1982ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ನಿದ್ದೆ ಗುಳಿಗೆಯೆಂದು ಒಪ್ಪಿತು. ಕೂಡ್ಲಿಗಿಯಲ್ಲಿ ಬಾಯಿಮಾತಿನಲ್ಲಿ ನಡೆಯುವುದು ಅಲ್ಲಿ ಡಬ್ಬಿಯ ಮೇಲೆ ಅಚ್ಚಾಗಿ ನಡೆಯುತ್ತದೆ. ಆದ್ದರಿಂದ ನಮ್ಮವರನ್ನು ಅಜ್ಞಾನಿಗಳೆಂದು ಹಳಿಯುವವರು ತುಸು ತಾಳ್ಮೆ ವಹಿಸುವುದು ಒಳ್ಳೆಯದು.

ನಮ್ಮ ಹಳ್ಳಿಗಳಿಗೆ ಈ ಔಷಧ ಬಂದದ್ದು ಗುಳಿಗೆಗಿಂತ ಹೆಚ್ಚಾಗಿ ಸೂಜಿಯ ಮೂಲಕ. ಹುಕ್ಸ್ಟ್ ಎಂಬ ಜರ್ಮನ್ ಕಂಪನಿಯ ಅವಿಲ್ ಇಂಜೆಕ್ಷನ್ ಹಳ್ಳಿ ಡಾಕ್ಟರ ಚೀಲದಲ್ಲಿ ಖಾಯಂ ಆಗಿರುತ್ತಿತ್ತು. ಚೇಳು ಕಚ್ಚಲಿ, ಜೇನು ಹೊಡೆಯಲಿ, ಮೈಯೆಲ್ಲ ಗಂದೆ ಏಳಲಿ, ಏನೆಂದು ತಿಳಿಯದ ಜ್ವರವೇ ಬರಲಿ, ಅವಿಲ್ಲಿನ ಜೊತೆ ಒಂದು ಸ್ಟೆರಾಯ್ಡ್ ಸೇರಿಸಿ ಚುಚ್ಚುವುದು ರೂಢಿಯಾಯಿತು. ಸೂಜಿ ಮಾಡಿಸಿಕೊಂಡವನು ಮನೆಗೆ ಹೋಗಿ ಹಾಯಾಗಿ ಮಲಗಿ, ಎದ್ದಾಗ ‘ಡಾಕ್ಟರ ಕೈಗುಣ’ ಎನ್ನುತ್ತಿದ್ದ. ಆ ಕೈಗುಣದಲ್ಲಿ ಅರ್ಧ ಪಾಲು ಅವಿಲ್ಲಿನ ಮಂಪರಿನದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಪಿಎಂ, ಅಂದರೆ ಕ್ಲೋರ್‌ಫೆನಿರಮಿನ್, ಪ್ಯಾರಾಸಿಟಮಾಲ್ ಜೊತೆ ಕೈತುಂಬ ಕೊಡುವ ಗುಳಿಗೆಯಾಯಿತು.

ಅಲರ್ಜಿಗೂ ಈ ನೆಲದಲ್ಲಿ ಕೊರತೆ ಇರಲಿಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಪಾರ್ಥೇನಿಯಂ ಕಳೆ ಅಮೆರಿಕದ ಗೋಧಿಯ ಜೊತೆ ಬಂತೆಂದು ಪ್ರತೀತಿ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡವೆನಿಸಿಕೊಂಡ ಅದು ಬೀಳು ಹೊಲ, ಬದು, ರಸ್ತೆಯಂಚು ಎಲ್ಲವನ್ನೂ ಹಬ್ಬಿತು. ಅದನ್ನು ಕೀಳುವ ಹೆಂಗಸರ ಕೈ, ಕುತ್ತಿಗೆ, ಮುಖಗಳಿಗೆ ಬರುವ ಕಜ್ಜಿ, ಹೂ ಬಿಟ್ಟಾಗ ಬರುವ ಸೀನು ಇಲ್ಲಿನವರಿಗೆ ಹೊಸದಲ್ಲ. ಇದರ ಮೇಲೆ ಮೆಕ್ಕೆಜೋಳ ಒಕ್ಕುವ ಯಂತ್ರದ ದೂಳು, ಶೇಂಗಾ ಸುಲಿಯುವ ದೂಳು. ನವೆಗೆಂದು ತಂದ ಗುಳಿಗೆ ನುಂಗಿ ಮಲಗಿದವರಿಗೆ ನವೆಯ ಜೊತೆಗೆ ಚಿಂತೆಯೂ ಮರೆತು ಹೋಯಿತು. ನವೆ ಹೋದ ಮೇಲೂ ಗುಳಿಗೆ ಉಳಿಯಿತು. ಬಾಯಿಂದ ಬಾಯಿಗೆ ಸುದ್ದಿ ಹರಡಲು ಇಷ್ಟು ಸಾಕು.

ಆದರೆ ನಿದ್ದೆ ಕೆಟ್ಟದ್ದಾದರೂ ಏಕೆ? ಪಟ್ಟಣದವರು ನಿದ್ದೆಗೇಡಿಗೆ ಮೊಬೈಲು, ಟಿವಿಗಳನ್ನು ದೂರುತ್ತಾರೆ. ನಮ್ಮ ಸೀಮೆಯಲ್ಲಿ ಮೊದಲು ದೂರಬೇಕಾದದ್ದು ಕರೆಂಟನ್ನು. ಇದು ಮಳೆಯ ನೆರಳಿನ ನಾಡು. ತುಂಗಭದ್ರೆ ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ಹರಿದರೂ ಒಳಗಿನ ಬಹುಪಾಲು ಹೊಲ ಬೋರ್‌ವೆಲ್ಲನ್ನು ನಂಬಿದೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು. ರಾತ್ರಿ ಪಾಳಿ ಬಂದಾಗ ರೈತ ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ಮುಂದಿನ ವಾರ ಪಾಳಿ ಬದಲಾಗುತ್ತದೆ. ರಾತ್ರಿ ಮಲಗಲು ಬಿಡುವು ಸಿಕ್ಕರೂ ಮೈ ಆ ಹೊತ್ತಿಗೆ ಎಚ್ಚರವಾಗಿಯೇ ಇರುತ್ತದೆ. ಕಾರ್ಖಾನೆಯ ರಾತ್ರಿ ಪಾಳಿಯವರ ನಿದ್ದೆಗೇಡನ್ನು ಕುರಿತು ಪುಸ್ತಕಗಳೇ ಇವೆ. ಪಂಪ್‌ಸೆಟ್ಟಿನ ರಾತ್ರಿ ಪಾಳಿಯನ್ನು ಯಾರೂ ಕಾಯಿಲೆಯ ಕಾರಣವೆಂದು ಎಣಿಸಿದಂತಿಲ್ಲ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಕಾರಣವಿದೆ. ಅಲ್ಲಿನ ಬಂಡೆಗುಡ್ಡಗಳು ಕರಡಿಗಳ ಬೀಡು. 2013ರಲ್ಲಿ ಅದನ್ನು ಕರಡಿ ಧಾಮವೆಂದು ಘೋಷಿಸಲಾಯಿತು. ಶೇಂಗಾ, ಮೆಕ್ಕೆಜೋಳದ ಕಾಲಕ್ಕೆ ಕರಡಿ, ಕಾಡುಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ಹೊಲದಲ್ಲಿ ರಾತ್ರಿ ಕಾವಲು ಕೂರಬೇಕು. ಕರಡಿಗೆ ಧಾಮ ಆಗಬೇಕಾದದ್ದೇ. ಅದರ ಪಕ್ಕದ ಹೊಲದವನ ನಿದ್ದೆಯ ಲೆಕ್ಕವನ್ನೂ ಯಾರಾದರೂ ಇಡಬೇಕಿತ್ತು.

ಮಳೆ ಕೈಕೊಟ್ಟ ವರ್ಷ ಊರು ಅರ್ಧ ಖಾಲಿಯಾಗುತ್ತದೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳ ತಾಂಡಾಗಳಿಂದ, ಕೇರಿಗಳಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬು ಕಡಿಯಲಿಕ್ಕೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಉಳಿಯುವವರು ಮುದುಕರು. ಮಗ ಎಲ್ಲಿ ಮಲಗಿದ್ದಾನೋ, ಸಂಘದ ಸಾಲದ ಕಂತಿಗೆ ದುಡ್ಡು ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ಮುದುಕಿಗೆ ಬೇಸಗೆಯ ತಗಡಿನ ಮನೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು? ‘ಗಂಡ ಹ್ವಾದಾಗಿಂದ ಕಣ್ಣು ಮುಚ್ಚವಲ್ದು’ ಎಂದು ಹೇಳುವವರನ್ನು ನಾವು ನೋಡಿದ್ದೇವೆ. ಅವರ ಸೆರಗಿನ ಗಂಟಿನಲ್ಲಿ ಎಲೆಯಡಿಕೆಯ ಜೊತೆ ಗುಳಿಗೆಯ ಚೀಟಿಯೂ ಇರುತ್ತದೆ.

ಈಗ ನಮ್ಮ ಜಿಲ್ಲೆಯ ಒಂದು ದೊಡ್ಡ ಅಧ್ಯಾಯಕ್ಕೆ ಬರೋಣ. ಮನೋರೋಗ ಚಿಕಿತ್ಸೆಯ ಇತಿಹಾಸದಲ್ಲಿ ‘ಬಳ್ಳಾರಿ ಮಾದರಿ’ ಎಂಬ ಹೆಸರಿದೆ. ಗಣಿಯ ಬಳ್ಳಾರಿಯನ್ನಷ್ಟೇ ಬಲ್ಲವರಿಗೆ ಇದು ಆಶ್ಚರ್ಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕವನ್ನು ತೆರೆದು, ಸಕಲವಾರದ ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಶುರುಮಾಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಿ ನೋಡಬೇಕೆಂದಾಗ ಆಯ್ಕೆಯಾದದ್ದು ಬಳ್ಳಾರಿ. 1985ರಿಂದ, ಹದಿನೈದು ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಸಹಾಯಕರಿಗೆ, ಸಹಾಯಕಿಯರಿಗೆ ತರಬೇತಿ ಕೊಟ್ಟರು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮೊದಲಾದವರು ಈ ಕೆಲಸದ ಹಿಂದೆ ಇದ್ದರು. ಆಗ ಹರಪನಹಳ್ಳಿಯೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ನಾವು ಹೇಳುತ್ತಿರುವ ಇಡೀ ಸೀಮೆ ಹೀಗೆ ಈ ಪ್ರಯೋಗದ ಒಳಗಿತ್ತು.

ಆ ಕಾರ್ಯಕ್ರಮದ ತಿರುಳು ಸರಳವಾಗಿತ್ತು. ಬುದ್ಧಿಭ್ರಮಣೆಯ ರೋಗಿಯನ್ನು ಸರಪಳಿ ಕಟ್ಟಿ ಗುಡಿಗೋ ದರ್ಗಾಕ್ಕೋ ಒಯ್ಯುವ ಬದಲು, ಬೆಂಗಳೂರಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಅಲೆಸುವ ಬದಲು, ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಕೆಲವೇ ಅಗ್ಗದ ಔಷಧಗಳಿಂದ ನೋಡಿಕೊಳ್ಳುವುದು. ಕ್ಲೋರ್‌ಪ್ರೊಮಜಿನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್ ಅವುಗಳಲ್ಲಿ ಮುಖ್ಯವಾದವು. ಮೊದಲನೆಯದು ಪ್ರೊಮೆಥಜಿನ್ನಿನ ತಮ್ಮ ಎಂದು ಮೇಲೆ ಹೇಳಿದ್ದೇವೆ. ಅಮಿಟ್ರಿಪ್ಟಿಲಿನ್ ಕೂಡ ಅದರ ದೂರದ ನೆಂಟನೇ. ಹಿಸ್ಟಮೀನನ್ನು ಬಲವಾಗಿ ತಡೆದು ನಿದ್ದೆ ತರಿಸುವ ಗುಣ ಅದಕ್ಕಿದೆ. ಈ ಮಾದರಿಯನ್ನು ನೋಡಿಯೇ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಬೇರೆ ರಾಜ್ಯಗಳಲ್ಲಿ ಆರಂಭಿಸಿತು. ಇಂದು ದೇಶದ ನೂರಾರು ಜಿಲ್ಲೆಗಳಲ್ಲಿ ನಡೆಯುತ್ತಿರುವುದು ಇದೇ.

ದೇಶಕ್ಕೆಲ್ಲ ದಾರಿ ತೋರಿಸಿದ ಜಿಲ್ಲೆಯ ಜನ ಇಂದಿಗೂ ನಿದ್ದೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗದೆ ಅಂಗಡಿಗೆ ಏಕೆ ಹೋಗುತ್ತಾರೆ? ಇದಕ್ಕೆ ಒಂದೇ ಉತ್ತರವಿಲ್ಲ. ಬಳ್ಳಾರಿ ಮಾದರಿ ಮುಖ್ಯವಾಗಿ ಕಣ್ಣಿಗೆ ಕಾಣುವ ದೊಡ್ಡ ಕಾಯಿಲೆಗಳನ್ನು ಗುರಿಯಾಗಿಸಿಕೊಂಡಿತ್ತು. ಬೀದಿಯಲ್ಲಿ ಬಟ್ಟೆ ಹರಿದುಕೊಳ್ಳುವವನು, ಮೂರ್ಛೆ ಬೀಳುವ ಹುಡುಗ ಅದರ ಕಣ್ಣಿಗೆ ಬಿದ್ದರು. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಸದ್ದಿಲ್ಲದೆ ಬಿದ್ದಿರುವ ಹೆಂಗಸು ಸುಲಭಕ್ಕೆ ಕಾಣುವುದಿಲ್ಲ. ನಿದ್ದೆ ಬರುತ್ತಿಲ್ಲವೆಂಬುದು ಖಿನ್ನತೆಯ ಮೊದಲ ದೂರುಗಳಲ್ಲೊಂದು. ಬೇಸರ, ಜಿಗುಪ್ಸೆ ಎಂಬ ಮಾತುಗಳನ್ನು ಆಡಲು ನಾಚುವವರು ‘ನಿದ್ದಿ ಬರವಲ್ದು’ ಎಂದು ಮಾತ್ರ ಹೇಳುತ್ತಾರೆ. ಆ ಒಂದು ಮಾತನ್ನು ಕೇಳಿಸಿಕೊಳ್ಳಲು ವೈದ್ಯರಿಗೆ ವ್ಯವಧಾನ ಬೇಕು. ಅಂಗಡಿಯವನಿಗೆ ಎರಡು ಗುಳಿಗೆ ಸಾಕು.

ಕಾನೂನಿನ ಪಾಲೂ ಇದರಲ್ಲಿದೆ. ಆಲ್ಪ್ರಜೋಲಮ್, ಡಯಜೆಪಾಮ್‌ನಂಥ ನಿಜವಾದ ನಿದ್ದೆ ಗುಳಿಗೆಗಳನ್ನು 2014ರಿಂದ ಶೆಡ್ಯೂಲ್ ಎಚ್-1 ಪಟ್ಟಿಗೆ ಸೇರಿಸಲಾಗಿದೆ. ಅಂಗಡಿಯವರು ಚೀಟಿ ಕೊಟ್ಟ ವೈದ್ಯರ ಹೆಸರನ್ನೂ ಕೊಂಡವರ ಹೆಸರನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚಟ ಹತ್ತಿಸುವ ಗುಳಿಗೆಗಳಿಗೆ ಈ ಕಟ್ಟು ಬೇಕಾದದ್ದೇ. ಆದರೆ ಚಿಕ್ಕ ಊರಿನಲ್ಲಿ ‘ಇಂಥವರ ಮನೆಯಾಕಿ ನಿದ್ದಿ ಗುಳಿಗಿ ತಗೊಂತಾಳ’ ಎಂಬ ಮಾತು ಹುಟ್ಟಿದರೆ ಮಗಳ ಮದುವೆಗೇ ಅಡ್ಡಿ. ನೆಗಡಿ ಗುಳಿಗೆಗೆ ಅಂಥ ಅಪವಾದವಿಲ್ಲ. ನೆಗಡಿ ಯಾರಿಗೆ ಬರುವುದಿಲ್ಲ? ಅಲರ್ಜಿ ಔಷಧಗಳೂ ಔಷಧ ನಿಯಮಗಳ ಶೆಡ್ಯೂಲ್ ಜಿ ಪಟ್ಟಿಯಲ್ಲಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ತೆಗೆದುಕೊಳ್ಳುವುದು ಅಪಾಯಕಾರಿ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಬೇಕೆಂಬುದು ನಿಯಮ. ಅಚ್ಚಾಗಿರುವುದು ಇಂಗ್ಲಿಷಿನಲ್ಲಿ, ಅದೂ ಸೂಜಿಮೊನೆಯಷ್ಟು ಅಕ್ಷರಗಳಲ್ಲಿ. ಎರಡೇ ಗುಳಿಗೆ ಕತ್ತರಿಸಿ ಕೊಟ್ಟಾಗ ಆ ಅಕ್ಷರಗಳು ಪಟ್ಟಿಯ ಉಳಿದ ತುಂಡಿನೊಡನೆ ಅಂಗಡಿಯಲ್ಲೇ ಉಳಿಯುತ್ತವೆ.

ಈ ಗುಳಿಗೆಯಿಂದ ನಿದ್ದೆ ಏಕೆ ಬರುತ್ತದೆ ಎಂಬುದು ಬಹಳ ತಡವಾಗಿ ತಿಳಿಯಿತು. ಮಿದುಳಿನ ಬುಡದ ಒಂದು ಸಣ್ಣ ಗಂಟಿನಲ್ಲಿ ಹಿಸ್ಟಮೀನ್ ತಯಾರಿಸುವ ನರಕೋಶಗಳಿವೆಯೆಂದು 1984ರಲ್ಲಿ ಗುರುತಿಸಿದರು. ನಾವು ಎಚ್ಚರವಾಗಿರುವಾಗ ಅವು ದುಡಿಯುತ್ತವೆ, ಮಲಗಿದಾಗ ಸುಮ್ಮನಾಗುತ್ತವೆ. ಮೂಗು ಸೋರಿಸುವ ವಸ್ತುವೇ ಮಿದುಳಿನಲ್ಲಿ ಕಾವಲುಗಾರ. ಹಳೆಯ ಗುಳಿಗೆಗಳು ರಕ್ತದಿಂದ ಮಿದುಳಿಗೆ ನುಸುಳಿ ಈ ಕಾವಲುಗಾರನ ಬಾಯಿ ಕಟ್ಟುತ್ತವೆ. ಆದರೆ ಮೂರು ನಾಲ್ಕು ದಿನ ಬಿಡದೆ ನುಂಗಿದರೆ ಮಿದುಳು ಒಗ್ಗಿಕೊಂಡು ಮಂಪರು ತಗ್ಗುತ್ತದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಒಂದು ಹೋಗಿ ಎರಡು, ಎರಡು ಹೋಗಿ ಮೂರು ಆಗುವುದು ಹೀಗೆ. ನಿದ್ದೆ ತಜ್ಞರ ಅಮೆರಿಕನ್ ಸಂಘ 2017ರ ತನ್ನ ಸೂಚನೆಯಲ್ಲಿ ನಿದ್ರಾಹೀನತೆಗೆ ಡೈಫೆನ್‌ಹೈಡ್ರಮಿನ್ ಬಳಸಬಾರದೆಂದಿದೆ. ಅಲ್ಲಿನ ಸರ್ಕಾರ ಒಪ್ಪಿದ್ದನ್ನು ಅಲ್ಲಿನ ವೈದ್ಯರೇ ಬೇಡವೆನ್ನಲು ಮೂವತ್ತೈದು ವರ್ಷ ಬೇಕಾಯಿತು.

ಮುದುಕರಿಗೆ ಇದು ಇನ್ನೂ ಕೆಟ್ಟದ್ದು. ಈ ಔಷಧಗಳು ಹಿಸ್ಟಮೀನಿನ ಜೊತೆಗೆ ನರಗಳ ಇನ್ನೊಂದು ವಸ್ತುವನ್ನೂ ತಡೆಯುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಪ್ರಾಸ್ಟೇಟ್ ತೊಂದರೆಯಿದ್ದ ಮುದುಕರಿಗೆ ಮೂತ್ರ ಕಟ್ಟುತ್ತದೆ, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣೊತ್ತಡ ಏರುತ್ತದೆ. ರಾತ್ರಿ ಎದ್ದಾಗ ಜೋಲಿ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು, ಬೆಳಗ್ಗೆ ಮಕ್ಕಳ ಗುರುತು ಹತ್ತದೆ ಏನೇನೋ ಮಾತಾಡುವುದು ಉಂಟು. ಮನೆಯವರು ಅದನ್ನು ‘ಅರಳುಮರಳು’ ಎನ್ನುತ್ತಾರೆ. ಕೆಲವೊಮ್ಮೆ ಅದು ಹಿಂದಿನ ರಾತ್ರಿಯ ಗುಳಿಗೆ. 2015ರಲ್ಲಿ ಸಿಯಾಟಲ್‌ನಲ್ಲಿ 65 ದಾಟಿದ 3,434 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಇಂಥ ಗುಣದ ಔಷಧಗಳನ್ನು ದೀರ್ಘಕಾಲ ಹೆಚ್ಚಾಗಿ ತೆಗೆದುಕೊಂಡವರಲ್ಲಿ ಮರೆವಿನ ರೋಗ ಹೆಚ್ಚಾಗಿ ಕಂಡಿತು. ಗುಳಿಗೆಯೇ ಕಾರಣವೆಂದು ಅದು ಸಾಬೀತು ಮಾಡುವುದಿಲ್ಲವಾದರೂ ಹುಷಾರಾಗಲು ಸಾಕು.

ರಾತ್ರಿಯ ಗುಳಿಗೆ ಬೆಳಗಿನ ತನಕ ಮೈಯಲ್ಲಿ ಇರುತ್ತದೆ. 2000ದಲ್ಲಿ ಅಮೆರಿಕದ ಅಯೋವಾದಲ್ಲಿ ಕೃತಕ ವಾಹನವೊಂದರಲ್ಲಿ ಚಾಲಕರನ್ನು ಕೂರಿಸಿ ಪರೀಕ್ಷಿಸಿದಾಗ, ಡೈಫೆನ್‌ಹೈಡ್ರಮಿನ್ ನುಂಗಿದವರು ಮದ್ಯ ಕುಡಿದವರಿಗಿಂತ ಕೆಟ್ಟದಾಗಿ ಓಡಿಸಿದರು. ತಮಗೆ ಮಂಪರಿದೆಯೋ ಇಲ್ಲವೋ ಎಂಬ ಅವರ ಸ್ವಂತ ಅಂದಾಜೂ ನಂಬುವಂತಿರಲಿಲ್ಲ. ನಮ್ಮಲ್ಲಿ ಟ್ರ್ಯಾಕ್ಟರು, ಟಂಟಂ, ಜೋಳ ಒಕ್ಕುವ ಯಂತ್ರಗಳ ಮುಂದೆ ನಿಲ್ಲುವವರು ಇದನ್ನು ತಿಳಿಯಬೇಕು. ಗುಳಿಗೆಯ ಮೇಲೆ ಸೆರೆಯೂ ಸೇರಿದರೆ ಉಸಿರಿಗೇ ಸಂಚಕಾರ.

ಕೂಸುಗಳ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಸಲ್ಲದು. ಗುಳೆ ಹೋಗುವ ಬಸ್ಸಿನಲ್ಲಿ, ಕಟ್ಟಡದ ಮರಳಿನ ರಾಶಿಯ ಪಕ್ಕದಲ್ಲಿ ಕೂಸು ಅಳದಿರಲೆಂದು ನೆಗಡಿ ಸಿರಪ್ ಕುಡಿಸುವುದು ಅಫೀಮಿನ ಗುಳಿಗೆಯದೇ ಇನ್ನೊಂದು ಜನ್ಮ. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರನ್ನೇ ನಿಲ್ಲಿಸಬಲ್ಲದೆಂದು ಅಮೆರಿಕದಲ್ಲಿ 2004ರಲ್ಲಿ ಡಬ್ಬಿಯ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದರು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅಚ್ಚು ಹಾಕಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಕೂಸನ್ನು ಬಿಟ್ಟು ಹೋಗಲು ಜಾಗವಿಲ್ಲದ ತಾಯಿಗೆ ಈ ಆದೇಶ ತಲುಪಬೇಕಾದರೆ ಕೆಲಸದ ಜಾಗದಲ್ಲೊಂದು ಶಿಶುವಿಹಾರವೂ ಜೊತೆಗೆ ಬರಬೇಕಾಗುತ್ತದೆ.

ಹಾಗಾದರೆ ನಿದ್ದೆಗೆಟ್ಟವರು ಎಲ್ಲಿಗೆ ಹೋಗಬೇಕು? 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸೇವೆ ಇದೆ. 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಇದರ ಹಿಂದೆಯೂ ನಿಮ್ಹಾನ್ಸ್ ಇದೆ. ಅಂಗಡಿಯ ಪುಸ್ತಕದಲ್ಲಿ ಹೆಸರು ಬೀಳುವ ಅಂಜಿಕೆ ಇಲ್ಲಿಲ್ಲ. ತಿಂಗಳಿಗಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆನ್ನಿಸಿದರೆ ತಾಲೂಕು ಆಸ್ಪತ್ರೆಗೆ ಹೋಗಿ ಬಾಯಿಬಿಟ್ಟು ಹೇಳಬೇಕು. 1985ರಲ್ಲಿ ಈ ನೆಲದಲ್ಲಿಯೇ ಪರೀಕ್ಷಿಸಿ ಸರಿಯೆಂದು ಕಂಡ ದಾರಿ ಅದು.

ಔಷಧ ಕಂಪನಿಗಳು ಈ ನಡುವೆ ಮಿದುಳಿಗೆ ನುಸುಳದ ಅಲರ್ಜಿ ಗುಳಿಗೆಗಳನ್ನು ಮಾಡಲು ದಶಕಗಟ್ಟಲೆ ಶ್ರಮಪಟ್ಟವು. ಸಿಟ್ರಿಜಿನ್ ಹಳೆಯವಕ್ಕಿಂತ ಕಡಿಮೆ ಮಂಪರಿನದು, ಫೆಕ್ಸೊಫೆನಡಿನ್‌ನಲ್ಲಿ ಮಂಪರು ಇಲ್ಲವೆನ್ನುವಷ್ಟು ಕಡಿಮೆ. ಜಗತ್ತು ಇದನ್ನು ಪ್ರಗತಿ ಎಂದಿತು. ನಮ್ಮ ಅಂಗಡಿಗಳಲ್ಲಿ ಕೇಳಿಬರುವುದು ಬೇರೆ ದೂರು: ‘ಈ ಹೊಸಾ ಗುಳಿಗಿ ನಡೆಂಗಿಲ್ರಿ, ಮೊದಲಿಂದ ಕೊಡ್ರಿ.’

ಸೌರ ವಿದ್ಯುತ್ತಿನಿಂದ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲಿಯೇ ಏಳು ಗಂಟೆ ಕರೆಂಟು ಕೊಡುವ ಕುಸುಮ್ ಯೋಜನೆಯ ಕೆಲಸ ರಾಜ್ಯದಲ್ಲಿ ನಡೆಯುತ್ತಿದೆ. ಅದರ ಲೆಕ್ಕವನ್ನು ಯೂನಿಟ್ಟುಗಳಲ್ಲಿ, ಸಬ್ಸಿಡಿಯ ಕೋಟಿಗಳಲ್ಲಿ ಹಾಕುತ್ತಾರೆ. ಕೂಡ್ಲಿಗಿ, ಹರಪನಹಳ್ಳಿಗಳ ಹೊಲಗಳಿಗೆ ಹಗಲು ಕರೆಂಟು ಬಂದ ಮೇಲೆ ಅಲ್ಲಿನ ಅಂಗಡಿಗಳಲ್ಲಿ ನೆಗಡಿ ಗುಳಿಗೆಯ ವ್ಯಾಪಾರ ಎಷ್ಟು ಇಳಿಯಿತೆಂದೂ ಯಾರಾದರೂ ನೋಡಲಿ.